ಹಳ್ಳಿ ಶಾಲೆಯ ಸ್ಕೌಟ್ಸ್ ದಳಕ್ಕೆ ಹೊಸ ಮಕ್ಕಳನ್ನು ಸೆಳೆಯುವುದು ಹೇಗೆ?
ಕೊಪ್ಪಳದ ಹತ್ತಿರದ ಶಾಲೆಯಲ್ಲಿ ದಳ ಇದೆ, ಮಕ್ಕಳೇ ಬರುತ್ತಿಲ್ಲ ಎಂದು ಕೇಳಿದ್ದೀರಿ.

ಪ್ರಾರ್ಥನೆ ಹೊತ್ತಲ್ಲಿ ಭಾಷಣ ಮಾಡಿ ಹೆಸರು ಬರೆದುಕೊಳ್ಳಬೇಡಿ. ಆಗ ಕೈ ಎತ್ತಿದವರು ಎರಡನೇ ವಾರಕ್ಕೆ ಮಾಯ. ಶನಿವಾರ ಶಾಲೆ ಬಿಟ್ಟ ಮೇಲೆ ಹಗ್ಗ ಹಿಡಿದು ಮೈದಾನಕ್ಕಿಳಿಯಿರಿ. ಗೂಟಕ್ಕೆ ದನ ಕಟ್ಟುವ ಗಂಟು ಯಾರು ಬೇಗ ಹಾಕುತ್ತಾರೆ ಎಂದು ಪಂದ್ಯ ಇಡಿ. ಇದರಲ್ಲಿ ರೈತರ ಮಕ್ಕಳು ಮೇಷ್ಟ್ರನ್ನೇ ಸೋಲಿಸುತ್ತಾರೆ (ನನ್ನನ್ನು ಸೋಲಿಸಿದ್ದಾರೆ). ಗೆದ್ದವನು ಮರುವಾರ ಗೆಳೆಯನನ್ನೂ ಎಳೆದು ತರುತ್ತಾನೆ. ದಳದೊಳಗಿನ ಸಣ್ಣ ತಂಡಕ್ಕೆ ಪಟ್ರೋಲ್ ಎನ್ನುತ್ತಾರೆ, ಒಂದು ಪಟ್ರೋಲ್‌ನಲ್ಲಿ 6ರಿಂದ 8 ಮಕ್ಕಳು. ಗೆಳೆಯರನ್ನು ಬೇರೆ ಮಾಡದೆ ಅದರಲ್ಲೇ ಕೂಡಿಸಿ.

ಹುಡುಗರ ಸ್ಕೌಟ್, ಹುಡುಗಿಯರ ಗೈಡ್‌ಗೆ 10 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್.

ನಿಜವಾದ ತೊಡಕು ಮನೆಯಲ್ಲಿದೆ. ಸಮವಸ್ತ್ರದ ಖರ್ಚು ಕೇಳಿದರೆ ಅವ್ವ ಹಿಂದೆ ಸರಿಯುತ್ತಾಳೆ. ದೀಕ್ಷೆ (ಪ್ರತಿಜ್ಞೆ ಮಾಡಿ ದಳಕ್ಕೆ ವಿಧಿವತ್ತಾಗಿ ಸೇರುವುದು) ಆಗುವವರೆಗೆ ಸ್ಕಾರ್ಫೂ ಬೇಕಿಲ್ಲ, ಶಾಲೆ ಬಟ್ಟೆಯಲ್ಲೇ ಬರಲಿ ಎಂದು ಮೊದಲೇ ಹೇಳಿಬಿಡಿ. ಗುಳೆ ಹೋಗುವ ಕುಟುಂಬಗಳೂ ಇವೆ, ಆದ್ದರಿಂದ ಜೂನ್‌ನಲ್ಲೇ ಸೇರಿಸಿಕೊಳ್ಳಿ. ಜನವರಿ ಹೊತ್ತಿಗೆ ಕೊಪ್ಪಳದ ಗವಿಮಠದ ಜಾತ್ರೆ ಬರುತ್ತದೆ. ಅಲ್ಲಿ ನೀರು ಕೊಡಲು, ದಾರಿ ತೋರಿಸಲು ಮಕ್ಕಳನ್ನು ನಿಲ್ಲಿಸಿ. ಸ್ಕಾರ್ಫ್ ಕಟ್ಟಿದ ಮಗನನ್ನು ಊರವರು ನೋಡಿದ ಮೇಲೆ ನೀವು ಮನೆ ಮನೆಗೆ ಹೋಗಬೇಕಿಲ್ಲ, ಅಪ್ಪಂದಿರೇ ಕೇಳಿಕೊಂಡು ಬರುತ್ತಾರೆ.