ಯಾವ ಎರರ್ ಎಸೆಯೋದು ಅಂತಲ್ಲ, ಹಿಡಿಯೋರು ಯಾರು ಅಂತ ಕೇಳಿ

ತಪ್ಪು ಇನ್‌ಪುಟ್ ಬಂದರೆ ಪೈಥಾನ್‌ನಲ್ಲಿ ವ್ಯಾಲ್ಯೂಎರರ್ (ValueError, ಬೆಲೆ ತಪ್ಪು) ಎಸೆಯಬೇಕಾ, ಟೈಪ್‌ಎರರ್ (TypeError, ಬಗೆಯೇ ತಪ್ಪು) ಎಸೆಯಬೇಕಾ, ಇಲ್ಲ ಸ್ವಂತದ್ದೊಂದು ಬರೆಯಬೇಕಾ ಅಂತ ಕೇಳಿದ್ದೀರಿ. ಈ ಚಿಂತೆಯಲ್ಲೇ ಇದ್ದು ನಾನು ಬೇರೆ ಕಡೆ ಏಟು ತಿಂದೆ.

ದಾವಣಗೆರೆ ಎಪಿಎಂಸಿ ಯಾರ್ಡ್‌ನ ಒಂದು ದಲ್ಲಾಳಿ ಅಂಗಡಿಗೆ ಮೆಕ್ಕೆಜೋಳದ ತೂಕದ ಲೆಕ್ಕಕ್ಕೆ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಗುಮಾಸ್ತರು ರೈತರ ಹೆಸರು, ಚೀಲ, ತೂಕ ಎಲ್ಲ ಫೈಲಿಗೆ ಹೊಡೆಯುತ್ತಿದ್ದರು. ತೂಕದ ಜಾಗದಲ್ಲಿ 'ಐವತ್ತು' ಅಂತಲೋ '50ಕೆಜಿ' ಅಂತಲೋ ಇದ್ದರೆ, ಪದವನ್ನು ಅಂಕಿ ಮಾಡೋ ಫ್ಲೋಟ್ (float) ವ್ಯಾಲ್ಯೂಎರರ್ ಎಸೆಯುತ್ತೆ. ಅದನ್ನು ಹಿಡಿದು 'ತೂಕ ತಪ್ಪಾಗಿದೆ' ಅಂತ ತೋರಿಸಿ ಆ ಸಾಲು ಬಿಟ್ಟುಬಿಡುತ್ತಿದ್ದೆ.

ಸುಗ್ಗಿ ಜೋರಾದಾಗ ಗುಮಾಸ್ತರ ಫೋನು. "ಸರ್, ಅರ್ಧಕ್ಕರ್ಧ ಸಾಲು ತೂಕ ತಪ್ಪು ಅಂತಿದೆ. ನಾನು ಮತ್ತೆ ಮತ್ತೆ ಹೊಡೆದೆ, ತೂಕ ಸರಿಯಾಗೇ ಇದೆ!"

ಕನ್ನಡ ಅಂಕಿ ಹೊಡೆದಿರಬೇಕು ಅಂದುಕೊಂಡೆ. ಪರೀಕ್ಷೆಗೆ ೫೨ ಕೊಟ್ಟರೆ ಪೈಥಾನ್ 52 ಅಂತ ಸಲೀಸಾಗಿ ಓದಿತು. (ಹೌದು, ಅದು ಕನ್ನಡ ಅಂಕಿಗೆ ತಕರಾರು ಮಾಡಲ್ಲ.) ಆಮೇಲೆ ಗಮನಿಸಿದೆ: ಇಂಗ್ಲಿಷ್ ಅಕ್ಷರದ ಹೆಸರಿನ ಸಾಲೆಲ್ಲ ಪಾಸು, ಕನ್ನಡ ಹೆಸರಿನದ್ದೆಲ್ಲ ಫೇಲು. ಹೆಸರುಗಳನ್ನು ಯೂನಿಕೋಡ್‌ನಲ್ಲಿ ಅಲ್ಲ, ಹಳೇ ನುಡಿ ಫಾಂಟಿನಲ್ಲಿ ಹೊಡೆದಿದ್ದರು. ಆ ಬೈಟುಗಳನ್ನು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಇಡೋ ರೀತಿ) ಅಂತ ಓದಲು ಹೋದಾಗ ಬರೋದು ಯೂನಿಕೋಡ್‌ಡಿಕೋಡ್‌ಎರರ್. ಪೈಥಾನ್‌ನಲ್ಲಿ ಅದು ವ್ಯಾಲ್ಯೂಎರರ್‌ನದೇ ಮಗು, ಅಂದರೆ ವ್ಯಾಲ್ಯೂಎರರ್ ಹಿಡಿದರೆ ಅದೂ ಸಿಕ್ಕಿಬೀಳುತ್ತೆ! ಜೇಸನ್ (JSON, ಡೇಟಾ ಬರೆದಿಡೋ ಒಂದು ರೂಪ) ಓದುವಾಗ ಬರುವ ಜೇಸನ್‌ಡಿಕೋಡ್‌ಎರರ್ ಕೂಡ ಅದೇ ಮನೆಯದು. ನನ್ನ ಟ್ರೈ (try, ಎರರ್ ಬಂದರೆ ಹಿಡಿಯಲು ಕೋಡ್ ಇಡೋ ಜಾಗ) ಒಳಗೆ ಬೈಟು ಓದೋ ಡಿಕೋಡ್, ಸಾಲು ಒಡೆಯೋ ಸ್ಪ್ಲಿಟ್, ಫ್ಲೋಟ್ ಎಲ್ಲ ಒಟ್ಟಿಗೇ ಇತ್ತು. ಹೆಸರಿನ ತಪ್ಪನ್ನು ತೂಕದ ತಲೆಗೆ ಕಟ್ಟಿದ್ದೆ. ಎರರ್ ಟೈಪ್ ಸರಿಯಾಗೇ ಆರಿಸಿದ್ದೆ ನೋಡಿ, ಹಿಡಿದ ಬಲೆ ದೊಡ್ಡದಾಯಿತು ಅಷ್ಟೆ. ಗುಮಾಸ್ತರು ಕೈಬರಹದ ಲೆಕ್ಕಕ್ಕೆ ವಾಪಸ್ ಹೋದರು, ನನ್ನ ಕೆಲಸವೂ ಹೋಯಿತು.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಪಟ್ಟಿ ಬೇಕಿದ್ದರೆ ಇದೆ: ಅಂಕಿ ಬೇಕಾದಲ್ಲಿ None (ಏನೂ ಇಲ್ಲ ಅನ್ನೋ ಬೆಲೆ) ಅಥವಾ ಲಿಸ್ಟ್ ಬಂದರೆ ಟೈಪ್‌ಎರರ್, ಸ್ಟ್ರಿಂಗೇ (ಅಕ್ಷರಗಳ ಸಾಲು) ಬಂದು ಒಳಗಿನದ್ದು ಕೆಟ್ಟಿದ್ದರೆ ವ್ಯಾಲ್ಯೂಎರರ್. ಆದರೆ ಮನುಷ್ಯರು ಹೊಡೆಯೋ ಇನ್‌ಪುಟ್‌ಗೆ ಸ್ವಂತದ್ದೇ ಬರೆಯಿರಿ, 'ತೂಕತಪ್ಪು' ಅಂತ. ಎರರ್‌ಗಳ ಮೂಲವಾದ ಎಕ್ಸೆಪ್ಶನ್‌ನಿಂದ (Exception) ನೇರ ಇಳಿಸಿ, ವ್ಯಾಲ್ಯೂಎರರ್‌ನಿಂದ ಬೇಡ; ಆಗ ಅದು ವ್ಯಾಲ್ಯೂಎರರ್ ಹಿಡಿಯೋ ಬಲೆಗೆ ಬೀಳಲ್ಲ. ಜಾಸ್ತಿ ಜನ ಉಲ್ಟಾ ಹೇಳ್ತಾರೆ, ಹೇಳಲಿ. ಟ್ರೈ ಒಳಗೆ ಫ್ಲೋಟ್‌ನ ಒಂದೇ ಸಾಲು ಇರಲಿ. ಎಸೆಯುವಾಗ ಸಾಲಿನ ನಂಬರು, ಬಂದ ಪದ ಎರಡನ್ನೂ ಮೆಸೇಜಿಗೆ ಸೇರಿಸಿ.

ಇನ್ನೊಂದು, ಅಸರ್ಟ್‌ನಿಂದ (assert, 'ಇದು ನಿಜ ಇರಲೇಬೇಕು' ಅನ್ನೋ ಸಾಲು) ಇನ್‌ಪುಟ್ ಚೆಕ್ ಮಾಡಬೇಡಿ. ಪೈಥಾನನ್ನು ಮೈನಸ್ ಓ (-O) ಆಯ್ಕೆ ಕೊಟ್ಟು ಓಡಿಸಿದರೆ ಅಸರ್ಟ್‌ಗಳು ಸುಮ್ನೆ ಮಾಯ. ಮತ್ತೆ, 'ನ್ಯಾನ್' (nan, 'ಅಂಕಿ ಅಲ್ಲ' ಅನ್ನೋ ವಿಶೇಷ ಬೆಲೆ) ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಫ್ಲೋಟ್ ತೆಪ್ಪಗೆ ಒಪ್ಪಿಕೊಳ್ಳುತ್ತೆ, 'ಸೊನ್ನೆಗಿಂತ ಕಮ್ಮಿನಾ' ಅನ್ನೋ ಚೆಕ್ಕಿಗೂ ಸಿಗಲ್ಲ. ಅದಕ್ಕೆ ಬೇರೆ ಚೆಕ್ ಬೇಕು.

ನಿಮ್ಮ ಟ್ರೈ ಒಳಗೆ ಈಗ ಏನೇನಿದೆ ಅಂತ ಇಲ್ಲೇ ಹಾಕಿ, ನೋಡೋಣ.