ಕಾರ್ಖಾನೆಯಲ್ಲಿ ತಯಾರಾದ ಕೋಣೆಗಳು ಸೈಟಿನಲ್ಲಿ ಸರಿಯಾಗಿ ಕೂರಬೇಕಾದರೆ ವಿನ್ಯಾಸ ಹೇಗಿರಬೇಕು?

ಪೆಟ್ಟಿಗೆಗಳ, ಅಂದರೆ ಕಾರ್ಖಾನೆಯಲ್ಲಿ ತಯಾರಾದ ಈ ಕೋಣೆಗಳ, ನಮೂನೆ ಕಡಿಮೆ ಇರಬೇಕು, ಜೋಡಣೆಯ ಜಾಗಗಳನ್ನು ಮೊದಲೇ ತೀರ್ಮಾನಿಸಿರಬೇಕು. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಮುಖ್ಯ.

ಸಿಂಗಪುರದ ಕ್ಲೆಮೆಂಟ್ ಕ್ಯಾನಪಿ ಎಂಬ ಅಪಾರ್ಟ್‌ಮೆಂಟ್ ನೋಡಿ. 40 ಮಹಡಿಯ ಎರಡು ಗೋಪುರಗಳು, ಒಟ್ಟು 1,866 ಕಾಂಕ್ರೀಟ್ ಪೆಟ್ಟಿಗೆಗಳು. ಮಲೇಷ್ಯಾದಲ್ಲಿ ಎರಕ ಹೊಯ್ದು, ಸಿಂಗಪುರಕ್ಕೆ ತಂದು, ಒಳಗಿನ ಕೆಲಸ ಮುಗಿಸಿ, ಆಮೇಲೆ ಕ್ರೇನಿನಲ್ಲಿ ಎತ್ತಿ ಒಂದರ ಮೇಲೊಂದು ಇಟ್ಟರು. 2019ರಲ್ಲಿ ಪೂರ್ಣವಾಯಿತು.

ಇಲ್ಲಿ ಕಷ್ಟ ಏನು ಗೊತ್ತಾ? ಯಾವ ಪೆಟ್ಟಿಗೆಯೂ ಅಳತೆಗೆ ಕರಾರುವಾಕ್ಕಾಗಿ ಬರುವುದಿಲ್ಲ. ಪ್ರತಿ ಮಹಡಿಯಲ್ಲೂ ಒಂದೇ ಕಡೆಗೆ 3 ಮಿಲಿಮೀಟರ್ ಜರುಗಿತು ಅಂದುಕೊಳ್ಳಿ. 40ನೇ ಮಹಡಿಗೆ ಬರುವಷ್ಟರಲ್ಲಿ ಅದು 120 ಮಿಲಿಮೀಟರ್! ಪೈಪಿಗೆ ಪೈಪ್ ಸೇರುವುದಿಲ್ಲ, ಭಾರ ಗೋಡೆಯಿಂದ ಗೋಡೆಗೆ ನೇರವಾಗಿ ಇಳಿಯುವುದಿಲ್ಲ. ಅದಕ್ಕೇ ಪೆಟ್ಟಿಗೆಗಳ ನಡುವೆ ಬೇಕೆಂದೇ ಸಣ್ಣ ಸಂದು ಬಿಡುತ್ತಾರೆ. ಹೊಸ ಪೆಟ್ಟಿಗೆಯನ್ನು ಕೆಳಗಿನದರ ಅಂಚು ನೋಡಿ ಕೂರಿಸುವುದಿಲ್ಲ. ಇಡೀ ಕಟ್ಟಡಕ್ಕೆ ಗುರುತು ಮಾಡಿದ ಗೆರೆಯಿಂದಲೇ ಅಳೆಯುತ್ತಾರೆ. ಹಾಗಾಗಿ ತಪ್ಪು ಆಯಾ ಮಹಡಿಯ ಸಂದಿನಲ್ಲೇ ಮುಗಿಯುತ್ತದೆ, ಮೇಲಕ್ಕೆ ಹೋಗುವುದಿಲ್ಲ. ಆಮೇಲೆ ಆ ಸಂದಿಗೆ ಗ್ರೌಟ್, ಅಂದರೆ ತೆಳು ಸಿಮೆಂಟ್ ಗಾರೆ, ತುಂಬುತ್ತಾರೆ.

ಪೈಪು, ವೈರುಗಳ ಕೊಂಡಿಗಳನ್ನೆಲ್ಲ ಕಾರಿಡಾರ್ ಕಡೆಯ ಡಕ್ಟಿಗೆ, ಅಂದರೆ ಪೈಪು-ವೈರು ಹಾಯುವ ಕಿಂಡಿಗೆ, ತಂದರೆ ಇನ್ನೂ ಒಳ್ಳೆಯದು. ಪ್ಲಂಬರ್ ಹೊರಗಿನಿಂದಲೇ ಜೋಡಿಸಬಹುದು, ಆಗಲೇ ಅಂಟಿಸಿದ ಟೈಲ್ಸ್ ಒಡೆಯಬೇಕಿಲ್ಲ ಅಲ್ವಾ?

ಇನ್ನು ಪೆಟ್ಟಿಗೆಯ ಅಗಲವನ್ನು ಲಾರಿ ಮತ್ತು ರಸ್ತೆ, ತೂಕವನ್ನು ಕ್ರೇನ್ ನಿರ್ಧರಿಸುತ್ತವೆ. ಇವನ್ನು ನಕ್ಷೆ ಬರೆಯುವ ಮೊದಲೇ ವಿಚಾರಿಸಿಕೊಳ್ಳಿ.