ಕಡಿಮೆ ಖರ್ಚಿನಲ್ಲಿ ವಿದೇಶದ ಕಂಪ್ಯೂಟರ್ ಸಯನ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಕಾಸರಗೋಡಿನಲ್ಲಿ ಕಂಪ್ಯೂಟರ್ ಸಯನ್ಸ್ ಬಿಎಸ್‌ಸಿಯ ಕೊನೆಯ ವರ್ಷದಲ್ಲಿದ್ದೇನೆ. ಹತ್ತಕ್ಕೆ 7.6ರ ಸರಾಸರಿ ಇದೆ. ವಿದೇಶದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂಬ ಆಸೆ. ತಂದೆಯವರಿಗೆ ಇರುವುದು ಅಡಿಕೆ ತೋಟ ಮಾತ್ರ. ಸಾಲವೂ ಸೇರಿ 15 ಲಕ್ಷಕ್ಕಿಂತ ಹೆಚ್ಚು ಹೊಂದಿಸುವುದು ಕಷ್ಟ. ಜರ್ಮನಿಯಲ್ಲಿ ಶುಲ್ಕವೇ ಇಲ್ಲವೆಂದು ಕೆಲವರು, 12 ಲಕ್ಷ ಕಟ್ಟಲೇಬೇಕೆಂದು ಇನ್ನು ಕೆಲವರು ಹೇಳುತ್ತಾರೆ. ಯಾವುದನ್ನು ನಂಬಲಿ, ಯಾವ ವಿಶ್ವವಿದ್ಯಾಲಯವನ್ನು ಆರಿಸಲಿ?
— ಓದುಗಿ, ಬದಿಯಡ್ಕ

ಉತ್ತರ: ಎರಡೂ ಮಾತು ನಿಜವೇ, ಆದರೆ ಅವು ಬೇರೆ ಬೇರೆ ಹಣದ ಮಾತು. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳು ವಿದೇಶೀ ವಿದ್ಯಾರ್ಥಿಗಳಿಂದಲೂ ಬೋಧನಾ ಶುಲ್ಕ ಪಡೆಯುವುದಿಲ್ಲ. ಸೆಮಿಸ್ಟರಿಗೆ ಸುಮಾರು 100ರಿಂದ 350 ಯೂರೋವರೆಗಿನ ವಂತಿಗೆ ಇರುತ್ತದೆ, ಅನೇಕ ಕಡೆ ಬಸ್ಸು, ರೈಲಿನ ಪಾಸೂ ಅದರಲ್ಲೇ ಸೇರಿರುತ್ತದೆ. ನೀವು ಕೇಳಿದ 12 ಲಕ್ಷ ಯಾರಿಗೋ ಕಟ್ಟುವ ಶುಲ್ಕವಲ್ಲ. ವೀಸಾಕ್ಕೆ ಮುನ್ನ ನಿಮ್ಮ ಹೆಸರಿನಲ್ಲೇ ತೆರೆಯುವ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಜೀವನ ವೆಚ್ಚವಾಗಿ 11,904 ಯೂರೋ ಇಡಬೇಕು. ಅಲ್ಲಿಗೆ ತಲುಪಿದ ಮೇಲೆ ಅದು ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈಗೇ ಮರಳಿ ಬರುತ್ತದೆ; ಬಾಡಿಗೆ, ಊಟ, ತಿಂಗಳಿಗೆ 140 ಯೂರೋ ಮೀರುವ ಆರೋಗ್ಯ ವಿಮೆ, ಎಲ್ಲವೂ ಅದರಲ್ಲೇ ನಡೆಯಬೇಕು. ಯೂರೋಗೆ ಸುಮಾರು 100 ರೂಪಾಯಿ ಎಂದು ಹಿಡಿದರೆ ಇದೇ ಆ 12 ಲಕ್ಷ.

ಆದರೆ ಶುಲ್ಕವಿಲ್ಲ ಎಂಬುದು ಇಡೀ ದೇಶಕ್ಕೆ ಅನ್ವಯಿಸುವ ಮಾತಲ್ಲ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬರ್ಗ್ ನಗರಗಳಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1500 ಯೂರೋ ಪಡೆಯುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವು 2024ರ ಚಳಿಗಾಲದ ಸೆಮಿಸ್ಟರಿನಿಂದ ಸ್ನಾತಕೋತ್ತರ ಕೋರ್ಸುಗಳಿಗೆ ಸೆಮಿಸ್ಟರಿಗೆ 4000ದಿಂದ 6000 ಯೂರೋ ಶುಲ್ಕ ವಿಧಿಸಿದೆ. ನಾಲ್ಕು ಸೆಮಿಸ್ಟರುಗಳಿಗೆ ಅದೊಂದೇ ನಿಮ್ಮ 15 ಲಕ್ಷವನ್ನು ದಾಟುತ್ತದೆ. ನಾರ್ವೆ ಕೂಡ ಉಚಿತವೆಂದು ಹೆಸರು ಮಾಡಿತ್ತು, 2023ರಲ್ಲಿ ಅಲ್ಲೂ ಶುಲ್ಕ ಬಂತು. ಆದ್ದರಿಂದ ಎರಡು ಮೂರು ವರ್ಷ ಹಿಂದೆ ಹೋದವರ ಅನುಭವವನ್ನು ಗೌರವದಿಂದ ಕೇಳಿ, ಶುಲ್ಕದ ಅಂಕಿಯನ್ನು ಮಾತ್ರ ವಿಶ್ವವಿದ್ಯಾಲಯದ ಸ್ವಂತ ಜಾಲತಾಣದಲ್ಲೇ ನೋಡಿಕೊಳ್ಳಿ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳನ್ನು ನಿಮ್ಮ ಮೊತ್ತದಲ್ಲಿ ಪೂರ್ಣ ವಿದ್ಯಾರ್ಥಿವೇತನ ಸಿಗದೆ ಯೋಚಿಸುವುದೇ ಬೇಡ.

ನನ್ನ ಅಭಿಪ್ರಾಯದಲ್ಲಿ ವಿಶ್ವವಿದ್ಯಾಲಯದ ಆಯ್ಕೆ ಶುಲ್ಕದಿಂದಲ್ಲ, ನಿಮ್ಮ ಪಠ್ಯಕ್ರಮದಿಂದ ಆರಂಭವಾಗಬೇಕು. ಮೊದಲು ನಿಮ್ಮ 7.6 ಅಲ್ಲಿ ಎಷ್ಟಾಗುತ್ತದೆಂದು ನೋಡೋಣ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಕನಿಷ್ಠ ತೇರ್ಗಡೆ. ಪರಮಾವಧಿ ಅಂಕದಿಂದ ನಿಮ್ಮ ಅಂಕವನ್ನು ಕಳೆದು, ಅದನ್ನು ಪರಮಾವಧಿ ಮತ್ತು ತೇರ್ಗಡೆ ಅಂಕಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸುತ್ತಾರೆ. ನಿಮ್ಮ ವಿಶ್ವವಿದ್ಯಾಲಯದಲ್ಲಿ ತೇರ್ಗಡೆ 4 ಎಂದಿದ್ದರೆ, 10ರಿಂದ 7.6 ಕಳೆದು 2.4, ಅದನ್ನು 6ರಿಂದ ಭಾಗಿಸಿ 0.4, ಮೂರರಿಂದ ಗುಣಿಸಿ 1.2, ಒಂದು ಕೂಡಿಸಿ 2.2. ಅನೇಕ ಕೋರ್ಸುಗಳು 2.5 ಅಥವಾ ಅದಕ್ಕಿಂತ ಉತ್ತಮ ಶ್ರೇಣಿಯನ್ನು ಕೇಳುವುದರಿಂದ ನೀವು ಧೈರ್ಯವಾಗಿ ಅರ್ಜಿ ಹಾಕಬಹುದು.

ಹೆಚ್ಚಿನವರ ಅರ್ಜಿ ತಿರಸ್ಕೃತವಾಗುವುದು ಅಂಕದಿಂದಲ್ಲ. ಕೋರ್ಸಿನ ಪ್ರವೇಶ ನಿಯಮದಲ್ಲಿ ಗಣಿತಕ್ಕೆ ಇಷ್ಟು ಕ್ರೆಡಿಟ್, ಥಿಯರೆಟಿಕಲ್ ಕಂಪ್ಯೂಟರ್ ಸಯನ್ಸಿಗೆ ಇಷ್ಟು, ಪ್ರೋಗ್ರಾಮಿಂಗಿಗೆ ಇಷ್ಟು ಎಂದು ಬರೆದಿರುತ್ತಾರೆ, ಪ್ರವೇಶ ಸಮಿತಿಯವರು ನಿಮ್ಮ ಅಂಕಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ವಿಷಯ ವಿಷಯವಾಗಿ ಲೆಕ್ಕ ಹಾಕುತ್ತಾರೆ. ನಮ್ಮ ಮೂರು ವರ್ಷದ ಬಿಎಸ್‌ಸಿ, ಬಿಸಿಎ ಪದವಿಗಳಲ್ಲಿ ಕೊರತೆ ಕಾಣುವುದು ಸಾಮಾನ್ಯವಾಗಿ ಲೀನಿಯರ್ ಆಲ್ಜಿಬ್ರಾ, ಪ್ರಾಬಬಿಲಿಟಿ, ಆಟೋಮ್ಯಾಟಾ ಥಿಯರಿ, ಅಲ್ಗಾರಿದಮ್ ವಿಶ್ಲೇಷಣೆಗಳಲ್ಲಿ. ಈ ವಾರವೇ ಕಾಲೇಜಿನಿಂದ ಆರೂ ಸೆಮಿಸ್ಟರುಗಳ ಪಠ್ಯಕ್ರಮದ ಪ್ರತಿ ಪಡೆದು, ಪ್ರತಿ ವಿಷಯದ ಅಧ್ಯಾಯಗಳು ಮತ್ತು ಬೋಧನೆಯ ಗಂಟೆಗಳನ್ನು ಇಂಗ್ಲಿಷಿನಲ್ಲಿ ಒಂದು ಪಟ್ಟಿ ಮಾಡಿ, ವಿಭಾಗದ ಮುಖ್ಯಸ್ಥರ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ‘ಕಂಪ್ಯೂಟರ್ ಸಯನ್ಸ್ ಪೇಪರ್ 4’ ಎಂದಷ್ಟೇ ಇರುವ ಅಂಕಪಟ್ಟಿಯಿಂದ ಒಳಗೆ ಏನು ಕಲಿಸಿದ್ದಾರೆಂದು ಪರದೇಶದವರಿಗೆ ತಿಳಿಯುವುದಿಲ್ಲ. ಒಳಗೆ ಪೂರ್ತಿ ಡೇಟಾ ಸ್ಟ್ರಕ್ಚರ್ಸ್ ಇದ್ದರೂ ಆ ಕ್ರೆಡಿಟ್ ನಿಮಗೆ ಸಿಗದೆ ಹೋಗಬಹುದು.

ಈ ಪಟ್ಟಿ ಕೈಯಲ್ಲಿದ್ದರೆ ಆಯ್ಕೆ ತಾನಾಗಿ ಸಣ್ಣದಾಗುತ್ತದೆ. ಸಾರ್‌ಬ್ರುಕೆನ್‌ನಲ್ಲಿರುವ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯವನ್ನು ಮೊದಲು ನೋಡಿ: ಬೋಧನಾ ಶುಲ್ಕವಿಲ್ಲ, ಕಂಪ್ಯೂಟರ್ ಸಯನ್ಸ್ ಸ್ನಾತಕೋತ್ತರ ಪದವಿಯನ್ನು ಇಂಗ್ಲಿಷಿನಲ್ಲೇ ಮುಗಿಸಬಹುದು, ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಇನ್‌ಫರ್ಮ್ಯಾಟಿಕ್ಸ್ ಕೇಂದ್ರ ಅದೇ ಆವರಣದಲ್ಲಿರುವುದರಿಂದ ಸಂಶೋಧನಾ ಸಹಾಯಕರ ಕೆಲಸ ಸಿಗುವ ಅವಕಾಶವೂ ಇದೆ. ಮಾಗ್ಡೆಬುರ್ಗ್‌ನಂಥ ಪೂರ್ವಭಾಗದ ನಗರಗಳಲ್ಲಿ ಬಾಡಿಗೆ ಮ್ಯೂನಿಕ್‌ಗಿಂತ ಬಹಳ ಕಡಿಮೆ. ಆಸ್ಟ್ರಿಯಾದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ನಮ್ಮವರಿಗೆ ಸೆಮಿಸ್ಟರಿಗೆ 726.72 ಯೂರೋ ಶುಲ್ಕ. ಇಟಲಿಯನ್ನು ನಮ್ಮ ಕಡೆಯವರು ಏಕೋ ಮರೆತೇಬಿಡುತ್ತಾರೆ. ಅಲ್ಲಿನ ಸರಕಾರಿ ವಿಶ್ವವಿದ್ಯಾಲಯಗಳು ಕುಟುಂಬದ ಆದಾಯ ಮತ್ತು ಆಸ್ತಿಯನ್ನು ನೋಡಿ ಶುಲ್ಕ ನಿಗದಿಪಡಿಸುತ್ತವೆ, ಕಡಿಮೆ ಆದಾಯದವರಿಗೆ ಪ್ರಾಂತೀಯ ವಿದ್ಯಾರ್ಥಿವೇತನವೂ ಉಂಟು. ಅದಕ್ಕೆ ಆದಾಯ, ಆಸ್ತಿ, ಕುಟುಂಬ ಸದಸ್ಯರ ದಾಖಲೆಗಳನ್ನು ಅಪೋಸ್ಟಿಲ್ (ವಿದೇಶದಲ್ಲಿ ಮಾನ್ಯವಾಗುವ ಸರಕಾರಿ ದೃಢೀಕರಣ) ಮಾಡಿಸಿ ಇಟಾಲಿಯನ್‌ಗೆ ಅನುವಾದಿಸಬೇಕಾಗುವುದರಿಂದ ತಿಂಗಳುಗಳ ಮೊದಲೇ ಗ್ರಾಮ ಕಚೇರಿಯ ಬಾಗಿಲು ತಟ್ಟಬೇಕು.

ಹಣದ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿಯ ಅಡವು ಬೇಕಾಗುವುದಿಲ್ಲ, ಅದನ್ನು ಮೀರಿದರೆ ಜಾಗದ ಆಧಾರ, ತೀರ್ವೆ ರಶೀದಿ, ಋಣಭಾರ ಪ್ರಮಾಣಪತ್ರ ಎಲ್ಲವನ್ನೂ ಕೇಳುತ್ತಾರೆ. 12 ಲಕ್ಷ ಬ್ಲಾಕ್ಡ್ ಅಕೌಂಟಿಗೆ, ಉಳಿದುದು ವಿಮಾನ, ವೀಸಾ, ಪರೀಕ್ಷೆ, ಮೊದಲ ತಿಂಗಳ ಬಾಡಿಗೆ ಮುಂಗಡಗಳಿಗೆ ಎಂದರೆ ನಿಮ್ಮ 15 ಲಕ್ಷ ಮೊದಲ ವರ್ಷಕ್ಕೆ ಮಾತ್ರ ಸಾಕು. ಎರಡನೆಯ ವರ್ಷ ನಿಮ್ಮ ದುಡಿಮೆಯಿಂದ ನಡೆಯಬೇಕು. ಜರ್ಮನಿಯಲ್ಲಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿ ಇದೆ, ಆದರೆ ಕೆಲಸ ಸಿಗುವ ಭರವಸೆಯನ್ನು ಯಾರೂ ಕೊಡುವುದಿಲ್ಲ. ನಾಲ್ಕು ಸೆಮಿಸ್ಟರಿನ ಕೋರ್ಸು ಐದು ಆರಕ್ಕೆ ಬೆಳೆಯುವುದೂ ಅಪರೂಪವಲ್ಲ. ಪದವಿಯ ನಂತರ ಉದ್ಯೋಗ ಹುಡುಕಲು 18 ತಿಂಗಳ ಪರವಾನಗಿ ಇದೆ. ಮನೆಯವರ ಏಕೈಕ ಆದಾಯವಾದ ತೋಟವನ್ನು ಪೂರ್ತಿ ಅಡವಿಟ್ಟು ಹೋಗುವುದನ್ನು ನಾನು ಒಪ್ಪುವುದಿಲ್ಲ. ಅಂಥ ಸ್ಥಿತಿಯಿದ್ದರೆ ಒಂದು ವರ್ಷ ಕೆಲಸ ಮಾಡಿ, ಆ ಅವಧಿಯಲ್ಲಿ ಜರ್ಮನ್ ಭಾಷೆಯನ್ನೂ ಕಲಿತು ಹೊರಡಿ. ಭಾಷೆ ಬಲ್ಲವರಿಗೆ ಅಲ್ಲಿ ಕೆಲಸ ಬೇಗ ಸಿಗುತ್ತದೆ.

ಕನ್ನಡ ಮಾಧ್ಯಮದ ಚಿಂತೆ ಬೇಡ. ಸಾಮಾನ್ಯವಾಗಿ ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ 6.5 ಕೇಳುತ್ತಾರೆ, ಮೂರು ನಾಲ್ಕು ತಿಂಗಳ ಶ್ರದ್ಧೆಯ ಅಭ್ಯಾಸದಿಂದ ಅದು ಸಾಧ್ಯ.

ಪ್ರಶ್ನೆ: ಬಿಟೆಕ್ ಮುಗಿಸಿದ ಮಗನಿಗೆ ಎರಡೇ ವಾರದಲ್ಲಿ ಜರ್ಮನಿಯಲ್ಲಿ ಸೀಟು ಕೊಡಿಸುವುದಾಗಿ ಒಂದು ಏಜೆನ್ಸಿಯವರು 2.5 ಲಕ್ಷ ಕೇಳುತ್ತಿದ್ದಾರೆ. ಕೊಡಬಹುದೇ?
— ಒಬ್ಬ ತಂದೆ, ಕುಂಬಳೆ

ಉತ್ತರ: ದಯವಿಟ್ಟು ಕೊಡಬೇಡಿ. ಎರಡು ವಾರದಲ್ಲಿ ಸಿಗುವ ಸೀಟು ಬಹುತೇಕ ಖಾಸಗಿ ಸಂಸ್ಥೆಯದ್ದಾಗಿರುತ್ತದೆ, ಅಲ್ಲಿ ಶುಲ್ಕ ವರ್ಷಕ್ಕೆ 10,000 ಯೂರೋ ದಾಟುವುದು ಸಾಮಾನ್ಯ. ಸರಕಾರಿ ವಿಶ್ವವಿದ್ಯಾಲಯಗಳಿಗೆ ವಿದ್ಯಾರ್ಥಿಯೇ ನೇರವಾಗಿ ಅರ್ಜಿ ಹಾಕುತ್ತಾನೆ. ಅನೇಕ ವಿಶ್ವವಿದ್ಯಾಲಯಗಳು, ವಿದೇಶೀ ವಿದ್ಯಾರ್ಥಿಗಳ ಅರ್ಜಿಗಳನ್ನು ಪರಿಶೀಲಿಸುವ ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ಅರ್ಜಿ ಪಡೆಯುತ್ತವೆ. ಮೊದಲನೆಯದಕ್ಕೆ 75 ಯೂರೋ, ನಂತರದ ಪ್ರತಿಯೊಂದಕ್ಕೆ 30 ಯೂರೋ. ಐದು ಕಡೆ ಹಾಕಿದರೂ 195 ಯೂರೋ, ಅಂದರೆ ಸುಮಾರು 20 ಸಾವಿರ ರೂಪಾಯಿ. ಇದರ ಜೊತೆಗೆ ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರಿನಿಂದ ಕಡ್ಡಾಯವಾದ ಎಪಿಎಸ್ ಪ್ರಮಾಣಪತ್ರಕ್ಕೆ (ನಮ್ಮ ಅಂಕಪಟ್ಟಿ, ಪದವಿಪತ್ರಗಳು ಅಸಲಿಯೆಂದು ಪರಿಶೀಲಿಸಿ ಕೊಡುವ ಪತ್ರ) 18,000 ರೂಪಾಯಿ. ಕೋರ್ಸುಗಳ ಪಟ್ಟಿ, ಶುಲ್ಕ, ಕೊನೆಯ ದಿನಾಂಕಗಳೆಲ್ಲ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಯಾರಾದರೂ ಅರ್ಜಿ ತುಂಬಲು ನೆರವಾದರೂ ಇಮೇಲ್ ವಿಳಾಸ ಮತ್ತು ಪಾಸ್‌ವರ್ಡ್ ಮಗನ ಕೈಯಲ್ಲೇ ಇರಲಿ. ಇತರರ ಇಮೇಲಿನಿಂದ ಅರ್ಜಿ ಹೋದರೆ ಎಲ್ಲಿಂದ ಪ್ರವೇಶಪತ್ರ ಬಂತು, ಎಲ್ಲಿಂದ ತಿರಸ್ಕಾರ ಬಂತು ಎಂಬುದು ನಿಮಗೆ ತಿಳಿಯುವುದೇ ಇಲ್ಲ.

ಪ್ರಶ್ನೆ: ಪ್ಲಸ್ ಟು ಮುಗಿದ ಕೂಡಲೇ ಮಗಳನ್ನು ಕಳುಹಿಸಿದರೆ ಒಟ್ಟು ಖರ್ಚು ಕಡಿಮೆಯಾಗುವುದಿಲ್ಲವೇ?
— ಓದುಗರು, ಪೈವಳಿಕೆ

ಉತ್ತರ: ಇಲ್ಲ, ಹೆಚ್ಚಾಗುತ್ತದೆ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ತರಗತಿಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿರುತ್ತವೆ, ನಮ್ಮ ಹನ್ನೆರಡನೆಯ ತರಗತಿಯೊಂದರಿಂದ ನೇರ ಪ್ರವೇಶವೂ ಸಾಮಾನ್ಯವಾಗಿ ಸಿಗುವುದಿಲ್ಲ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಜಾರಿಯಲ್ಲಿದೆ. ಅದನ್ನು ಆನರ್ಸ್‌ವರೆಗೆ ಪೂರ್ತಿ ಮುಗಿಸಿದರೆ ಮುಂದೆ ಯಾವ ದೇಶಕ್ಕೆ ಅರ್ಜಿ ಹಾಕುವುದಾದರೂ ಬಲ ಹೆಚ್ಚು. ಹತ್ತಿರದ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಎಂಎಸ್‌ಸಿ, ಸುರತ್ಕಲ್ ಎನ್‌ಐಟಿಕೆಯ ಎಂಸಿಎ ಕೂಡ ಲೆಕ್ಕದಲ್ಲಿರಲಿ. ಕೆಲಸದಲ್ಲಿದ್ದುಕೊಂಡೇ ಓದುವುದಾದರೆ ಅಮೆರಿಕದ ಜಾರ್ಜಿಯಾ ಟೆಕ್ 2014ರಿಂದ ನಡೆಸುತ್ತಿರುವ ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಒಟ್ಟು ಸುಮಾರು 7000 ಡಾಲರ್ ಸಾಕು.

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಪೂರ್ತಿ ಇದೆ. ತೊಂದರೆಯೇ?
— ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ಈಗಲೇ ಸರಿಪಡಿಸಿಕೊಂಡರೆ ತೊಂದರೆಯಿಲ್ಲ. ಎರಡು ಹೆಸರೂ ಒಬ್ಬರದೇ ಎಂಬ ಪ್ರಮಾಣಪತ್ರವನ್ನು ಗ್ರಾಮಾಧಿಕಾರಿಯವರು ಕೊಡುತ್ತಾರೆ. ಕೇರಳದ ಅಧಿಕೃತ ಭಾಷಾ ಕಾನೂನಿನಂತೆ ಅರ್ಜಿಯನ್ನು ಕನ್ನಡದಲ್ಲೇ ಬರೆಯುವ ಹಕ್ಕು ನಿಮಗಿದೆ, ಪ್ರಮಾಣಪತ್ರವನ್ನು ಮಾತ್ರ ಇಂಗ್ಲಿಷಿನಲ್ಲಿ ಕೇಳಿ ಪಡೆಯಿರಿ. ಎಪಿಎಸ್, ಐಇಎಲ್‌ಟಿಎಸ್, ವಿಶ್ವವಿದ್ಯಾಲಯದ ಅರ್ಜಿ, ಬ್ಯಾಂಕ್ ಸಾಲ ಎಲ್ಲ ಕಡೆಯೂ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ, ಅದೇ ಅಕ್ಷರಗಳಲ್ಲಿ ಬರೆಯಿರಿ.